ಕಾಲಿಗೆ ಬಿಗಿದ ವೇಲು

ಜೂನ್ ೧೪, ಶನಿವಾರ

ವಿಷ ಇಳಿಸುವ ಇಂಜೆಕ್ಷನ್ ಕೆಲಸ ಮಾಡಿತು, ಇವರು ಪಾರಾದರು. ನಾನು ಮಾತ್ರ ತಲೆ ಎತ್ತಲಾರದೆ ಕೂತಿದ್ದೇನೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ರಕ್ತ ನಿಂತು ಕಾಲೇ ಹೋದೀತು, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ ಎಂದು ಶಾಲೆಯಲ್ಲಿ ಗಂಟಲು ಹರಿಯುವಂತೆ ಪಾಠ ಮಾಡುವವಳು ನಾನು. ಇವತ್ತು ಹಿತ್ತಲಲ್ಲಿ ಇವರ ಪಾದಕ್ಕೆ ಹಾವು ಕಚ್ಚಿದ್ದೇ ತಡ, ನನ್ನ ವೇಲನ್ನೇ ಸೆಳೆದು ಕಾಲಿಗೆ ಬಿಗಿದೆ.

"ಕಟ್ಬಾರ್ದು ಅಂತ ನೀನೇ ಹೇಳ್ತಿರ್ತೀಯಲ್ಲಮ್ಮಾ," ಎಂದರು ಅತ್ತೆ.

"ಸುಮ್ನಿರಿ, ನಿಮಗೇನು ಗೊತ್ತು?" ಎಂದು ಗದರಿದೆ.

ಆಸ್ಪತ್ರೆಯಲ್ಲಿ ನೀಲಿಗಟ್ಟಿದ ಕಾಲು ನೋಡಿ ಪರಿಚಯದ ಡಾಕ್ಟರು ಸಿಡುಕಿದರು: "ಯಾರ್ರೀ ಇದನ್ನ ಕಟ್ಟಿದ್ದು?"



"ನಾನೇ ಕಣಪ್ಪಾ, ಹಳೇ ಕಾಲದೋಳು," ಎಂದುಬಿಟ್ಟರು ಅತ್ತೆ.

"ಟೀಚರ್, ಮೊದ್ಲು ನಿಮ್ಮತ್ತೆಗೆ ಪಾಠ ಹೇಳಿ."

ಅತ್ತೆಯ ಎದುರೇ ನಾನು ಹೂಂ ಎಂದೆ.