ಮಡಚಿಟ್ಟ ಫ್ರಾಕು

ಅಜ್ಜಿಯವರಿಗೆ ನಮಸ್ಕಾರ.

ನಾಳೆ ಒಂದನೇ ತರಗತಿಯ ಕೊನೆಯ ದಿನ. ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ. ರಜೆಯ ಗುಂಗಿನಲ್ಲಿರುವ ಮಕ್ಕಳು ಮಾತು ಕಿವಿಗೇ ಹಾಕಿಕೊಳ್ಳುತ್ತಿಲ್ಲ. ಮೊಮ್ಮಗಳ ಚಿತ್ರಗಳನ್ನು ಗೋಡೆಯಿಂದ ಬಿಡಿಸಿಟ್ಟಿದ್ದೇನೆ, ದೊಡ್ಡ ಚೀಲ ತನ್ನಿ. ಶಾಲೆಯ ಆನೆ ಪುಸ್ತಕ ಇನ್ನೂ ವಾಪಸ್ ಬಂದಿಲ್ಲ, ಮಂಚದ ಕೆಳಗೊಮ್ಮೆ ನೋಡಿ.

ಬಟ್ಟೆ ಒದ್ದೆಯಾದರೆ ಬದಲಿಸಲೆಂದು ವರ್ಷದ ಆರಂಭದಲ್ಲಿ ಅವಳಮ್ಮ ಕೊಟ್ಟಿದ್ದ ಫ್ರಾಕನ್ನೂ ಕಳಿಸುತ್ತಿದ್ದೇನೆ. ಅಮ್ಮ ತೀರಿಕೊಂಡ ಮೇಲೆ ಒಮ್ಮೆ ಮಗು ಮೈಮೇಲೆ ಬಣ್ಣದ ನೀರು ಚೆಲ್ಲಿಕೊಂಡಿತ್ತು. ಬದಲಿಸಲೆಂದು ಈ ಫ್ರಾಕನ್ನು ಹೊರತೆಗೆದರೆ, “ಅದು ಅಮ್ಮ ಮಡಚಿದ್ದು ಮಿಸ್, ಬಿಚ್ಚಬೇಡಿ” ಅಂದು ಸಂಜೆವರೆಗೆ ಒದ್ದೆಯಲ್ಲೇ ಕೂತಳು. ನಾನೂ ಬಲವಂತ ಮಾಡಲಿಲ್ಲ.

ಈಗದು ಅವಳಿಗೆ ಹೇಗೂ ಗಿಡ್ಡ. ಅಳತೆ ನೋಡಬೇಡಿ, ಒಗೆಯಲೂ ಹಾಕಬೇಡಿ. ಮಡಚಿದ್ದು ಹಾಗೇ ಇರಲಿ.

ಇಂತಿ,
ಮೊಮ್ಮಗಳ ಮಿಸ್