ಗಟ್ಟಿ ಟೈರು ಹಾಕಿಸಿದ ತಪ್ಪಿಗೆ

ವಾಹನ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕಳೆದ ತಿಂಗಳು ನಿಮ್ಮ ಕಚೇರಿ ನನ್ನ ಕಾರನ್ನು ಫೇಲು ಮಾಡಿತು. ಬ್ರೇಕು ಸರಿಯಿತ್ತು, ದೀಪಗಳು ಉರಿಯುತ್ತಿದ್ದವು, ಹಾರ್ನು ನಿಮ್ಮ ಇನ್‌ಸ್ಪೆಕ್ಟರರೇ ಬೆಚ್ಚಿಬೀಳುವಷ್ಟು ಚೆನ್ನಾಗಿತ್ತು. ಫೇಲಾದದ್ದು ಟೈರು. ಸವೆದಿತ್ತೇ? ಇಲ್ಲ, ಹೊಚ್ಚ ಹೊಸದು. ಬಿರುಕು ಬಿಟ್ಟಿತ್ತೇ? ಅದೂ ಇಲ್ಲ. ಕಾರಿನ ಭಾರವನ್ನು ಸಲೀಸಾಗಿ ಹೊರುತ್ತದೆ ಎಂಬುದೇ ಅದರ ಅಪರಾಧ. ಒಂದು ವಾರ ಬಿಟ್ಟು, ಆ ಭಾರವನ್ನು ಹೊರಲಾರದ ನಾಲ್ಕು ಟೈರು ಹಾಕಿಕೊಂಡು ಅದೇ ಕಾರನ್ನು ತಂದೆ. ಪಾಸು ಮಾಡಿ ಸರ್ಟಿಫಿಕೇಟು ಕೊಟ್ಟಿರಿ. ಆ ಸರ್ಟಿಫಿಕೇಟನ್ನು ಈ ಪತ್ರದ ಜೊತೆ ವಾಪಸು ಕಳಿಸುತ್ತಿದ್ದೇನೆ. ಯಾಕೆಂದು ನಾಲ್ಕು ಜನರೆದುರು ಹೇಳಬೇಕಾದ ಪರಿಸ್ಥಿತಿ ಬಂದಿದೆ. ಅದನ್ನು ತಂದುಕೊಂಡವರಲ್ಲಿ ನೀವು ಅರ್ಧ, ನಾನು ಅರ್ಧ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಡ್ರೈವಿಂಗ್ ಕಲಿಸುವುದು ನನ್ನ ಕೆಲಸ. ನಿಮ್ಮ ಕಚೇರಿಯ ಮೂವರಿಗೆ ಕ್ಲಚ್ಚು ಬಿಡುವುದನ್ನು ಹೇಳಿಕೊಟ್ಟವಳೂ ನಾನೇ. ಒಬ್ಬರಿಗೆ ಅದು ಇನ್ನೂ ಬಂದಿಲ್ಲ. ನನಗೊಬ್ಬಳು ಅಕ್ಕ ಇದ್ದಾಳೆ. ಗಡಿಯಾರ ರಿಪೇರಿ ಅವಳ ಕಸುಬು. ಬೇಕರಿಯ ಪಕ್ಕದಲ್ಲಿ ಪುಟ್ಟ ಅಂಗಡಿ, ಒಂದು ಕಣ್ಣಿಗೆ ಭೂತಗನ್ನಡಿ, ನಾಲಿಗೆಯ ತುದಿಯಲ್ಲಿ ಯಾರಿಗಾದರೂ ಒಂದು ಬೈಗುಳ. ಒಂಬತ್ತು ವರ್ಷಗಳಿಂದ ಗಾಲಿಕುರ್ಚಿಯಲ್ಲಿದ್ದಾಳೆ. ಬ್ಯಾಟರಿಯಿಂದ ಓಡುವ ಕುರ್ಚಿ, ಅದರ ತೂಕವೇ ನೂರಾ ಮೂವತ್ತು ಕೆಜಿ. ಎರಡು ವರ್ಷದ ಹಿಂದೆ ನನ್ನ ಕಾರಿನ ಹಿಂಬದಿಯನ್ನು ಕೊಯ್ಯಿಸಿ, ನೆಲ ತಗ್ಗಿಸಿ, ಕಬ್ಬಿಣದ ಇಳಿಜಾರು ಹಲಗೆ ಕೂರಿಸಿ, ಅಕ್ಕ ಕುರ್ಚಿ ಸಮೇತ ಹತ್ತುವಂತೆ ಮಾಡಿಸಿದೆ. ನಿಮ್ಮವರು ಹಲಗೆಯನ್ನು ಅಳೆದರು, ಬೆಲ್ಟು ಜಗ್ಗಿ ನೋಡಿದರು, ಫೋಟೋ ತೆಗೆದರು, ದಾಖಲೆಯಲ್ಲಿ ಎಲ್ಲವನ್ನೂ ತಿದ್ದಿದರು. ಟೈರಿನ ಸಾಲೊಂದನ್ನು ಬಿಟ್ಟು. ಕಾರಿಗೆ ಹೊಟ್ಟೆ ಬಂತು, ಚಪ್ಪಲಿಯ ಅಳತೆ ಮಾತ್ರ ಹಳೆಯದೇ ಉಳಿಯಿತು.

ನನ್ನ ತಪ್ಪನ್ನೂ ಮುಚ್ಚಿಡುವುದಿಲ್ಲ. ಹಳೆಯ ಟೈರು ಸವೆದಾಗ ಅಂಗಡಿಗೆ ಹೋಗಿ, ಶಿಷ್ಯರಿಗೆ ಕಲಿಸುವಂತೆಯೇ ಗತ್ತಿನಿಂದ ಅಳತೆ ಹೇಳಿದೆ: 185/65 R15. ಅಂದರೆ ಅಗಲ, ಎತ್ತರ, ರಿಮ್ಮು. ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ಅಂಕಿ ಇರುತ್ತದೆ, 88 ಎಂದೋ 92 ಎಂದೋ. ಇಪ್ಪತ್ತೆರಡು ವರ್ಷ ಪಾಠ ಮಾಡುವಾಗ ಆ ಅಂಕಿಯನ್ನು ಹಾರಿಸಿಕೊಂಡೇ ಬಂದಿದ್ದೆ. 88 ಸಿಕ್ಕಿತು, ಹಾಕಿಸಿದೆ. ಮೂರನೆಯ ತಿಂಗಳು ಅಕ್ಕನನ್ನು ಅಂಗಡಿಗೆ ಕರೆದೊಯ್ಯುವಾಗ ಕಾರಿನ ಹಿಂಭಾಗ ತೂಗಾಡತೊಡಗಿತು. ನಿಲ್ಲಿಸಿ ನೋಡಿದರೆ ಹಿಂದಿನ ಎಡ ಟೈರಿನ ಪಕ್ಕ ಹಲ್ಲುನೋವಿನ ಕೆನ್ನೆಯ ಹಾಗೆ ಊದಿಕೊಂಡಿತ್ತು.

"ಏನಾಯ್ತೇ?" ಒಳಗಿಂದ ಅಕ್ಕ ಕೇಳಿದಳು.

"ಏನಿಲ್ಲ, ಸ್ವಲ್ಪ ಊದ್ಕೊಂಡಿದೆ."

"ನಾನಾ?"

"ಟೈರು ಕಣೇ."

ಅವಳು ನಕ್ಕಳು, ನಾನೂ ನಕ್ಕೆ. ಆದರೆ ಇನ್ನೂರು ಮೀಟರ್ ಮುಂದೆ ಹೋಗಿದ್ದರೆ ಲಾರಿಗಳು ಓಡುವ ವರ್ತುಲ ರಸ್ತೆ. ನಾಲ್ಕು ಬೆಲ್ಟು ಬಿಗಿದು ಕೂರಿಸಿದ ಅಕ್ಕನನ್ನು ಬಿಡಿಸಿ ಹೊರಗೆ ತರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅಷ್ಟು ಹೆದರಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಆ ಸಣ್ಣ ಅಂಕಿಯ ಅರ್ಥ ಹೇಳಿದವರು ನಮ್ಮ ಬೀದಿಯ ಟೈರು ಅಂಗಡಿಯವರು. ಚಕ್ರಗಳಿಗೆ ಗಾಳಿ ತುಂಬಿಯೇ ಕೂದಲು ಬೆಳ್ಳಗಾದ ಅವರನ್ನು ಎಲ್ಲರೂ ಗಾಳಿ ಮಾವ ಅನ್ನುತ್ತಾರೆ. "ಟೀಚರಮ್ಮ, ಇದು ಭಾರದ ನಂಬರು. 88 ಅಂದ್ರೆ ಒಂದು ಟೈರು ಐನೂರಾ ಅರವತ್ತು ಕೆಜಿ ಹೊರುತ್ತೆ, ಅಷ್ಟೇ. 92 ಅಂದ್ರೆ ಆರುನೂರಾ ಮೂವತ್ತು. ನಿಮ್ಮ ಗಾಡಿ ಹಿಂದೆ ಎಷ್ಟು ಭಾರ ಇದೆ, ತೂಗಿಸಿದ್ದೀರಾ?" ತೂಗಿಸಿರಲಿಲ್ಲ. ಗುಜರಿಯವರ ಲಾರಿ ತೂಗುವ ವೇ ಬ್ರಿಡ್ಜಿಗೆ ಹೋಗಿ, ಅಕ್ಕನನ್ನು ಕೂರಿಸಿಕೊಂಡೇ ಹಿಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ನಿಲ್ಲಿಸಿದೆವು. ಸಾವಿರದ ನೂರಾ ಎಪ್ಪತ್ತು. ಚಕ್ರವೊಂದಕ್ಕೆ ಐನೂರಾ ಎಂಬತ್ತೈದು. ಅದರಲ್ಲಿ ತನ್ನ ಪಾಲೆಷ್ಟು ಎಂದು ಬರೆಯಕೂಡದೆಂದು ಅಕ್ಕ ಆಣೆ ಹಾಕಿಸಿಕೊಂಡಿದ್ದಾಳೆ. ಅಂದೇ ನಾಲ್ಕೂ ಚಕ್ರಕ್ಕೆ 92ರ ಟೈರು ಹಾಕಿಸಿದೆ. ಗಾಳಿ ಮಾವ ಅದಕ್ಕೆ ತಕ್ಕಂತೆ ಗಾಳಿಯನ್ನೂ ಸ್ವಲ್ಪ ಹೆಚ್ಚು ತುಂಬಿದರು, ಕಾರು ನೆಟ್ಟಗೆ ಓಡತೊಡಗಿತು.

ಆಮೇಲೆ ನಿಮ್ಮ ಅಂಗಳಕ್ಕೆ ಬಂದೆವು. ನಿಮ್ಮ ಇನ್‌ಸ್ಪೆಕ್ಟರರು ಮೊದಲು ಹೇಳಿದ್ದು, "ಕುರ್ಚಿ ಇಳಿಸಿ ಮೇಡಂ, ಗಾಡಿ ಖಾಲಿ ಇರ್ಬೇಕು." ಅಕ್ಕ ಅರ್ಧ ಗಂಟೆ ಬಿಸಿಲಲ್ಲಿ ಕುಳಿತು, ಅವರ ಕೈಗಡಿಯಾರ ಏಳು ನಿಮಿಷ ಹಿಂದಿದೆ ಎಂದು ಅವರಿಗೇ ಕೇಳುವಂತೆ ಹೇಳುತ್ತಿದ್ದಳು. ಅವರು ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಕಿ ಓದಿದರು. ಆ ಅಂಕಿಯನ್ನು ಓದುವವರೂ ಇದ್ದಾರಲ್ಲ ಎಂದು ನನಗೆ ಕ್ಷಣಕಾಲ ಗೌರವವೇ ಮೂಡಿತು.

"ದಾಖಲೇಲಿ 88 ಇದೆ. ಇಲ್ಲಿ 92 ಇದೆ. ಬೇರೆ ಆಯ್ತಲ್ಲ ಮೇಡಂ."

"ಬೇರೆ ಅಲ್ಲ ಸರ್, ಜಾಸ್ತಿ. ಭಾರ ಜಾಸ್ತಿ ಹೊರುತ್ತೆ."

"ಜಾಸ್ತಿ ಆದ್ರೂ ಬೇರೆನೇ, ಕಮ್ಮಿ ಆದ್ರೂ ಬೇರೆನೇ."

ಹಾಗಾದರೆ ದಾಖಲೆಯನ್ನು ತಿದ್ದಿ ಅಂದೆ. ಅದು ಎರಡನೇ ಮಹಡಿ ಅಂದರು. ಎರಡನೇ ಮಹಡಿಯವರು, ತಪಾಸಣೆಯಲ್ಲಿ ಪಾಸಾದ ಗಾಡಿಯ ದಾಖಲೆಯನ್ನಷ್ಟೇ ತಿದ್ದುತ್ತೇವೆ ಅಂದರು. ಮಾನ್ಯರೇ, ನಾನು ಜನರಿಗೆ ರಿವರ್ಸ್ ತೆಗೆಯುವುದನ್ನು ಕಲಿಸುತ್ತೇನೆ. ನಿಮ್ಮ ಈ ಓಣಿಯಿಂದ ರಿವರ್ಸ್ ತೆಗೆಯುವುದು ಹೇಗೆಂದು ನನಗೂ ಹೊಳೆಯಲಿಲ್ಲ. ಭಾರದ ಅಂಕಿಯ ಬಗ್ಗೆ ಇಷ್ಟು ಕಟ್ಟುನಿಟ್ಟಾದ ಕಚೇರಿ ಭಾರವನ್ನು ಕೆಳಗಿಳಿಸಿ ಟೈರು ನೋಡುವುದೇಕೆ? ಅಕ್ಕ ಬಿಸಿಲಲ್ಲಿರುವಾಗ ಯಾವ ಟೈರಾದರೂ ಗಟ್ಟಿಯಾಗಿಯೇ ಕಾಣುತ್ತದೆ.

ಇನ್ನು ನನ್ನ ಪಾಲಿನ ಅರ್ಧ. ಅಂದು ಸಾಲಿನಲ್ಲಿ ನನ್ನ ಹಿಂದಿದ್ದ ವ್ಯಾನಿನವರು ಮೆಲ್ಲಗೆ ಹೇಳಿದರು: "ಪರೀಕ್ಷೆ ಟೈರು ಹಾಕ್ಕೊಂಡು ಬನ್ನಿ ಮೇಡಂ, ಎಲ್ಲಾರೂ ಹಂಗೇ ಮಾಡೋದು." ನಿಮಗೆ ಗೊತ್ತಿದೆಯೋ ಇಲ್ಲವೋ, ಈ ಊರಿನಲ್ಲಿ ಒಂದು ಕಡೆ ನಾಲ್ಕು ಟೈರುಗಳಿವೆ. ಅಳತೆಗೆ ಅಳತೆ, ಅಂಕಿಗೆ ಅಂಕಿ ನಿಮ್ಮ ದಾಖಲೆಗೆ ಸರಿಯಾಗಿ ಹೊಂದುವಂಥವು. ತಪಾಸಣೆಯ ಬೆಳಿಗ್ಗೆ ಅವು ಒಂದು ಕಾರಿನ ಕೆಳಗೆ ಸೇರುತ್ತವೆ, ಪಾಸಾದ ಮೇಲೆ ಮಧ್ಯಾಹ್ನ ವಾಪಸು ಹೋಗುತ್ತವೆ. ಯಾರವು ಎಂದು ನಾನು ಹೇಳುವುದಿಲ್ಲ. ಗಾಳಿ ಮಾವನದಂತೂ ಅಲ್ಲ, ಅವರನ್ನು ಕೇಳಿದ್ದಕ್ಕೆ ನನಗೆ ಉಗಿದು ಕಳಿಸಿದರು. ಆದರೂ ಅಕ್ಕನನ್ನು ಅಂಗಡಿಗೆ ಬಿಟ್ಟು, ಎರವಲು ತಂದೆ, ಹಾಕಿಸಿದೆ, ಒಬ್ಬಳೇ ಬಂದೆ. "ಈಗ ಸರಿಯಾಯ್ತು ನೋಡಿ," ಎಂದು ನಿಮ್ಮ ಇನ್‌ಸ್ಪೆಕ್ಟರರು ಸಂತೋಷಪಟ್ಟರು. ಅವುಗಳನ್ನು ಬಿಚ್ಚಿಸಿ 92 ಹಾಕಿಸಿಕೊಂಡು ಅಕ್ಕನ ಅಂಗಡಿ ತಲುಪುವಾಗ ಎರಡು ಗಂಟೆ ತಡವಾಗಿತ್ತು.

"ಪಾಸಾಯ್ತಾ?"

"ಆಯ್ತು."

"ದಾಖಲೆ ತಿದ್ದಿದ್ರಾ?"

ನಾನು ಕಾರಿನ ಕನ್ನಡಿ ಸರಿಮಾಡುವ ನೆಪ ಹೂಡಿದೆ. ಅಕ್ಕ ಸರ್ಟಿಫಿಕೇಟು ತೆಗೆದುಕೊಂಡು ಭೂತಗನ್ನಡಿ ಇಟ್ಟು ಓದಿದಳು. ಕುರ್ಚಿಯನ್ನು ಒಂದು ಸುತ್ತು ಓಡಿಸಿ ಟೈರನ್ನೂ ಓದಿದಳು. ಕಾಗದದಲ್ಲಿ 88, ಟೈರಿನಲ್ಲಿ 92. ಅವಳಿಗೆ ವಿವರಿಸುವ ಅಗತ್ಯ ಬೀಳಲಿಲ್ಲ.

"ಮುಳ್ಳು ತಿರುಗಿಸಿ ಟೈಮ್ ತೋರ್ಸಿ, ಗಡಿಯಾರ ರಿಪೇರಿ ಆಯ್ತು ಅಂತ ಕೊಡೋದು ಇದು. ನಾನು ಯಾವತ್ತಾದ್ರೂ ಮಾಡಿದ್ದೀನಾ?"

"ಟೈರು ಸರಿಯಾಗೇ ಇದೆಯಲ್ಲ ಅಕ್ಕ. ಕಾಗದ ತಾನೇ ಸುಳ್ಳು?"

"ನಮ್ಮ ಗಾಡಿ ಮಾಡಿಕೊಟ್ಟ ವರ್ಕ್‌ಶಾಪಿನೋರು ಇಂಥವು ಹದಿನಾಲ್ಕು ಮಾಡಿದ್ದಾರೆ. ನಿನಗೆ ಗಾಳಿ ಮಾವ ಇದ್ರು. ಉಳಿದ ಹದಿಮೂರು ಮನೆಯೋರಿಗೆ ಯಾರಿದ್ದಾರೆ? ಆಫೀಸಿನೋರು ಬರೆದಿದ್ದೇ ಸರಿ ಅಂತ 88 ಹಾಕ್ಸಿರ್ತಾರೆ. ಅವರಿಗೆ ಹೇಳ್ಬೇಕಾದೋಳು ನೀನು, ಕದ್ದು ಪಾಸಾಗಿ ಬಂದಿದ್ದೀಯ."

ಅಂದು ಮನೆಗೆ ಬಂದಳು, ಬೇರೆ ದಾರಿಯಿರಲಿಲ್ಲ. ಮಾರನೆಯ ದಿನದಿಂದ ಕಾರು ಹತ್ತಿಲ್ಲ. ಇವತ್ತಿಗೆ ಹನ್ನೊಂದು ದಿನ. ಅಂಗಡಿಯ ಬಾಗಿಲು ಹಾಕಿದೆ. ಅಡುಗೆಮನೆಯ ಮೇಜಿನ ಮೇಲೆ ಎರಡು ಕೈಗಡಿಯಾರ ಬಿಚ್ಚಿಟ್ಟುಕೊಂಡು ಕೂರುತ್ತಾಳೆ, ನಡುನಡುವೆ ನನ್ನ ಸಾರಿನಲ್ಲಿ ಉಪ್ಪು ಕಡಿಮೆ ಅನ್ನುತ್ತಾಳೆ. ಕಾಲು ಕಳೆದುಕೊಂಡ ವರ್ಷವೂ ಅವಳು ಇಷ್ಟು ದಿನ ಅಂಗಡಿ ಮುಚ್ಚಿದವಳಲ್ಲ. ಕುರ್ಚಿಯನ್ನು ಬಾಗಿಲ ಕಡೆಗೆ ಓಡಿಸಿ, ಅಲ್ಲೇ ನಿಂತು, ಮತ್ತೆ ಒಳಗೆ ತಿರುಗಿಸುವುದನ್ನು ದಿನಾ ನೋಡುತ್ತಿದ್ದೇನೆ. ಬಹಿರಂಗವಾಗಿ ಒಪ್ಪಿಕೊಂಡು ಬರೆದರೆ ಮಾತ್ರ ಹತ್ತುತ್ತೇನೆ ಅಂದಿದ್ದಾಳೆ. ಅದಕ್ಕೇ ಈ ಪತ್ರ. ಮೊದಲ ಕರಡಿನಲ್ಲಿ ನಿಮ್ಮನ್ನು ಕರೆದಿದ್ದ ಎರಡು ಪದಗಳನ್ನೂ ಅವಳೇ ಹೊಡೆದುಹಾಕಿಸಿದಳು. ನೀವು ಅವಳಿಗೆ ಕೃತಜ್ಞರಾಗಿರಬೇಕು.

ನನಗೆ ಯಾವ ದಂಡ ಹಾಕುತ್ತೀರೋ ಹಾಕಿ, ತಕರಾರಿಲ್ಲ. ಆದರೆ ಹಿಂಬದಿ ಕೊಯ್ಯಿಸಿದ ಹದಿನಾಲ್ಕೂ ಕಾರುಗಳನ್ನು, ಅವುಗಳಲ್ಲಿ ದಿನಾ ಕೂರುವವರು ಕುರ್ಚಿ ಸಮೇತ ಕೂತಿರುವಾಗ ತೂಗಿಸಿ. ಬಂದ ಭಾರಕ್ಕೆ ತಕ್ಕ ಅಂಕಿಯನ್ನು ದಾಖಲೆಯಲ್ಲಿ ಬರೆಯಿರಿ. ಅದಕ್ಕಿಂತ ಹೆಚ್ಚು ಹೊರುವ ಟೈರು ಹಾಕಿಸಿದವರನ್ನು ಫೇಲು ಮಾಡಬೇಡಿ. ಇಷ್ಟಕ್ಕೆ ಸಮಿತಿ ಬೇಕಿಲ್ಲ, ಒಂದು ಪೆನ್ನು ಸಾಕು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಕ್ಕನನ್ನು ಕೂರಿಸಿಕೊಂಡು ನಿಮ್ಮ ಅಂಗಳಕ್ಕೆ ಬರುತ್ತೇನೆ. ತಪಾಸಣೆಗೆ ಬರುವ ದಾರಿಗೆ ಸರ್ಟಿಫಿಕೇಟು ಬೇಡವೆಂದು ನಿಮ್ಮದೇ ನಿಯಮ ಹೇಳುತ್ತದೆ. ಅವಳ ಪಕ್ಕ ಮಡಚುವ ಸೀಟೊಂದಿದೆ. ದಯವಿಟ್ಟು ಹತ್ತಿ ಕೂರಿ, ವರ್ತುಲ ರಸ್ತೆಯಲ್ಲಿ ಒಂದು ಸುತ್ತು ಹೋಗಿಬರೋಣ. ನಾಲ್ಕು 88ರ ಟೈರುಗಳನ್ನೂ ನನ್ನ ಡ್ರೈವಿಂಗ್ ಸ್ಕೂಲಿನ ಇನ್ನೊಂದು ಕಾರಿನಲ್ಲಿ ತರಿಸಿರುತ್ತೇನೆ. ಹೊರಡುವ ಮುನ್ನ ಯಾವುದನ್ನು ಹಾಕಬೇಕೆಂದು ನೀವೇ ಹೇಳಿ. 92 ಎಂದರೆ, ಹಿಂದಿನ ಎರಡು ಟೈರು ಸೇರಿ ಇನ್ನೂ ತೊಂಬತ್ತು ಕೆಜಿ ಹೊರುತ್ತವೆ, ನೀವು ಧಾರಾಳವಾಗಿ ಬರಬಹುದು. ನಿಮ್ಮ ದಾಖಲೆಯೇ ಸರಿ, 88 ಹಾಕು ಎಂದರೆ ಹಾಕಿಸುತ್ತೇನೆ. ಆಗ ಅಕ್ಕನನ್ನು ಕೆಳಗಿಳಿಸಿ, ಅವಳ ಮತ್ತು ಕುರ್ಚಿಯ ಭಾರದಷ್ಟೇ ಮರಳಿನ ಮೂಟೆ ಹೇರಿ, ನಿಮ್ಮೊಬ್ಬರನ್ನೇ ಕರೆದೊಯ್ಯುತ್ತೇನೆ.

ಇಂತಿ,
ನಿಮ್ಮ ಕಚೇರಿಯಲ್ಲಿ ಪಾಸಾಗಿ, ಮನೆಯಲ್ಲಿ ಫೇಲಾದ
ಒಬ್ಬ ಡ್ರೈವಿಂಗ್ ಟೀಚರ್