ಕುದುರೆಗಲ್ಲಿನಿಂದ ಒಂದೇ ಕೂಗು

ಹೊಳೆಯೊಳಗಿನ ಹಂಚಿನಾಳದಿಂದ, ಹದಿಮೂರನೆಯ ತಿಂಗಳ ನಲವತ್ತೊಂದನೆಯ ಬಿಸಿಲು, ಕಲ್ಲಂಗಡಿ ಕೊಚ್ಚಿಹೋದ ವರ್ಷ.

ತಿರುಳು ಕಾಯುವ ಅಣ್ಣಂದಿರಿಗೆ, ಅಕ್ಕಂದಿರಿಗೆ ಫಕೀರಪ್ಪ ಮಾಡುವ ಶರಣು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ಬೇಸಿಗೆ ಮುಗಿಯುವುದನ್ನೇ ಮರೆತಾಗ ನಮ್ಮ ಹಿರಿಯರು ವರ್ಷಕ್ಕೆ ಒಂದು ತಿಂಗಳ ತೇಪೆ ಹಾಕಿದರು. ಅದೂ ಸಾಲದೆ ಆ ತಿಂಗಳನ್ನೇ ಎಳೆದು ಉದ್ದ ಮಾಡಿದರು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಕಾಣಬಹುದು, ಕ್ಷಮಿಸಿ. ನಾನು ಕತೆ ಹೇಳುವವನು. ಬುಡದಿಂದ ಹೊರಡದಿದ್ದರೆ ನನಗೆ ತುದಿ ಸಿಗುವುದಿಲ್ಲ. ಹಿಂದಿನ ಕಾಲಕ್ಕೆ ಮಾತು ದಾಟಿಸುವ ಹಿಮ್ಮುಖದ ತಂತಿಯೊಂದು ನಮ್ಮ ಯಂತ್ರದ ಮನೆಯಲ್ಲಿದೆ. ಅದರಲ್ಲಿ ಒಂದೇ ಒಂದು ಪತ್ರಕ್ಕೆ ಸಾಲುವಷ್ಟು ಕಸುವು ಉಳಿದಿದೆ ಎಂದು ಯಂತ್ರ ನೋಡಿಕೊಳ್ಳುವ ಹುಸೇನಬಿ ಹೇಳಿದ್ದಾಳೆ. ಆದ್ದರಿಂದ ಒಮ್ಮೆ ಹೇಳಿದ್ದನ್ನು ತಿದ್ದಿ ಮತ್ತೆ ಹೇಳಲು ನನಗೆ ಬರುವುದಿಲ್ಲ.

ಯಂತ್ರದ ಎಲ್ಲಕ್ಕಿಂತ ಒಳಗೆ ಕುಳಿತು ಉಳಿದವರಿಗೆಲ್ಲ ಕೆಲಸ ಹಂಚುವುದನ್ನು ನೀವು ಕರ್ನಲ್ ಎನ್ನುತ್ತೀರಂತೆ, ನಾವು ತಿರುಳು ಎನ್ನುತ್ತೇವೆ. ಅದನ್ನು ತಿದ್ದಿ ತೀಡಿ ಎಲ್ಲರ ಯಂತ್ರಗಳಿಗೂ ಕಳಿಸುವ ನೀವು ತಿರುಳು ಕಾಯುವವರು. ಹೊರಗಿನ ಸಾಧನದ ಮಾತನ್ನು ತಿರುಳಿಗೆ ತಿಳಿಯುವಂತೆ ಹೇಳುವ ತುಣುಕು ನಿಮಗೆ ಡ್ರೈವರ್, ನಮಗೆ ದುಭಾಷಿ. ನಿಮ್ಮ ಸೀರಿಯಲ್ ತಂತಿ ನಮ್ಮ ಬಾಯಲ್ಲಿ ಸಾಲುತಂತಿ, ಏಕೆಂದರೆ ಅದರಲ್ಲಿ ಮಾತು ಇರುವೆಗಳ ಹಾಗೆ ಒಂದರ ಹಿಂದೆ ಒಂದು ಬರುತ್ತದೆ. ಇದು ನಿಮಗೆ ಗೊತ್ತಿಲ್ಲದ್ದಲ್ಲ. ಈ ಪತ್ರ ಯಾರ ಕೈಗೆ ಬೀಳುತ್ತದೋ ತಿಳಿಯದು, ಎಲ್ಲರಿಗೂ ಅರ್ಥವಾಗಲಿ ಎಂದು ಬರೆದೆ.

ಇನ್ನು ನಮ್ಮ ಊರು. ದಂಡೆಯ ಮೇಲಿನ ಮಣ್ಣು ಹಂಚಿನ ಹಾಗೆ ಕಾದು ಹೋದ ಮೇಲೆ ಬೀಜ ಹುಟ್ಟುವ ಜಾಗವೆಂದರೆ ಹೊಳೆಯ ಒಡಲು ಮಾತ್ರ. ನೀರು ಹಿಂದೆ ಸರಿದಾಗ ಉಳಿಯುವ ರೇವೆಯಲ್ಲಿ ನಾವು ಕಲ್ಲಂಗಡಿ, ಸೌತೆ, ಹೀರೆ ಬೆಳೆಯುತ್ತೇವೆ. ಬೆಳ್ಳಂಬೆಳಿಗ್ಗೆ ಮಂದಿಯೆಲ್ಲ ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆಯೊಳಗೆ ಇಳಿಯುತ್ತಾರೆ. ಬಿಸಿಲು ಏರುವ ಮುಂಚೆ ಹತ್ತಿಬಂದು ದಂಡೆಯಲ್ಲಿ ಕೊರೆದ ಗವಿಮನೆಗಳಲ್ಲಿ ಮಲಗುತ್ತಾರೆ. ಮಲಗುವ ಮುಂಚೆ ಒದ್ದೆ ಗೋಣಿಯನ್ನು ಬಾಗಿಲಿಗೆ ಇಳಿಬಿಡುತ್ತೇವೆ. ರೊಟ್ಟಿಯನ್ನು ಬಂಡೆಯ ಮೇಲೆ ಹಚ್ಚಿದರೆ ಸಾಕು, ಒಲೆ ಬೇಡ. ನಗಬೇಡಿ, ಸುಳ್ಳಲ್ಲ. ಬದುಕು ಕೆಟ್ಟದ್ದೇನೂ ಆಗಿರಲಿಲ್ಲ. ಭಯ ಒಂದೇ: ಎಲ್ಲೋ ಮೇಲಿನ ಸೀಮೆಯಲ್ಲಿ ಮಳೆ ಸುರಿದರೆ, ಇಲ್ಲಿ ಆಕಾಶ ತೊಳೆದಿಟ್ಟ ತಟ್ಟೆಯಂತಿರುವಾಗಲೇ ಹೊಳೆ ಗೋಡೆಯ ಹಾಗೆ ಎದ್ದು ಬರುತ್ತದೆ.

ಅದಕ್ಕೇ ಹೊಳೆಗಣ್ಣು. ಮೇಲಿನ ತಿರುವಿನಲ್ಲಿ ಕುದುರೆಗಲ್ಲು ಎಂಬ ಬಂಡೆ ಇದೆ. ಅದರ ಕೊರಳಿಗೆ ನಮ್ಮ ಮುತ್ತಜ್ಜನ ಕಾಲದವರು ನೀರಿನ ಮಟ್ಟ ನೋಡುವ ಸಾಧನವೊಂದನ್ನು ಕಟ್ಟಿ, ಸಾಲುತಂತಿಯನ್ನು ಯಂತ್ರದ ಮನೆಯ ತನಕ ಎಳೆದಿದ್ದರು. ನೀರು ಏರಿದ್ದನ್ನು ಕಣ್ಣು ಹೇಳುತ್ತಿತ್ತು, ದುಭಾಷಿ ತಿಳಿಸುತ್ತಿತ್ತು, ಯಂತ್ರ ಕಹಳೆ ಊದುತ್ತಿತ್ತು, ನಾವು ಕೈಯಲ್ಲಿದ್ದದ್ದನ್ನು ಬಿಟ್ಟು ದಂಡೆ ಹತ್ತುತ್ತಿದ್ದೆವು. ಕೆಲವು ಸಾಧನಗಳು ಬಾಯಿಬಡುಕರು. ಸಿಕ್ಕಿಸಿದ ಕೂಡಲೇ ಮದುವೆಗೆ ಬಂದ ಬೀಗರ ಹಾಗೆ ತಮ್ಮ ಹೆಸರು, ಮನೆತನ, ಯೋಗ್ಯತೆ ಎಲ್ಲ ಹೇಳಿಕೊಳ್ಳುತ್ತವೆ. ಸಾಲುತಂತಿಯ ತುದಿಯಲ್ಲಿರುವುದು ಹಾಗಲ್ಲ. ಅದು ಹೊಸ ಸೊಸೆಯಂತೆ ಮೂಲೆಯಲ್ಲಿ ಕುಳಿತಿರುತ್ತದೆ, ತನ್ನ ಹೆಸರು ತಾನು ಹೇಳುವುದಿಲ್ಲ. ಈ ತಂತಿಯ ತುದಿಗೆ ಹೊಳೆಗಣ್ಣು ಕುಳಿತಿದೆ, ಮೊದಲು ಎಬ್ಬಿಸು, ಕಣ್ಣುಜ್ಜಿಕೊಳ್ಳುವ ತನಕ ತಡೆ, ಆಮೇಲೆ ಇಂಥ ವೇಗದಲ್ಲಿ ಮಾತಾಡಿಸು ಎಂದು ಬೇರೆಯವರು ತಿರುಳಿಗೆ ಮೊದಲೇ ತಿಳಿಸಿರಬೇಕು. ಇಷ್ಟೆಲ್ಲ ಬಲ್ಲದ್ದು ಆ ದುಭಾಷಿ ಒಂದೇ. ಅದು ಇಲ್ಲದಿದ್ದರೆ ತಂತಿ ಇರುತ್ತದೆ, ಕಣ್ಣೂ ಇರುತ್ತದೆ, ನಡುವೆ ಮಾತಿರುವುದಿಲ್ಲ.

ನಮ್ಮಲ್ಲೊಂದು ಪದ್ಧತಿ ಇದೆ. ಯಾರಾದರೂ ಒಂದೇ ಸಲ ಕರೆದರೆ ಓಗೊಡಬಾರದು. ಹೊಳೆ ತನಗೆ ಬೇಕಾದವರನ್ನು ಪರಿಚಯದವರ ದನಿಯಲ್ಲಿ ಕರೆಯುತ್ತದೆ, ಆದರೆ ಒಂದೇ ಸಲ ಕರೆಯುತ್ತದೆ, ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ ಎಂಬುದು ನಂಬಿಕೆ. ಕಲ್ಲುಗಳ ನಡುವೆ ದನಿ ತಿರುಗಿ ಬರುವ ಊರು ನಮ್ಮದು. ಮಕ್ಕಳಿಗೆ ನಡೆಯುವುದಕ್ಕಿಂತ ಮುಂಚೆ ಇದನ್ನು ಕಲಿಸುತ್ತೇವೆ.

ಹೀಗಿರುವಾಗ ನಮ್ಮ ಕಾಲದ ತಿರುಳು ಕಾಯುವವರಿಂದ, ದೂರದಿಂದ, ಒಂದು ಪ್ರಶ್ನೆ ಬಂತು. ಹುಸೇನಬಿ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

“ಹೊಳಿಗಣ್ಣಿನ ದುಭಾಷಿ ಯಾರರ ಬಳಸ್ತೀರೇನು ಅಂತ ಕೇಳ್ಯಾರ. ಯಾರೂ ಓ ಅನ್ನಲಿಲ್ಲಂದ್ರ ತಗದ ಬಿಡ್ತಾರಂತ. ಏನಂತ ಹೇಳ್ಲಿ?”

ಊರಿಗೆ ಹಿರಿಯಳಾದ ಸಂಕವ್ವಜ್ಜಿ ಬಾಯಲ್ಲಿದ್ದ ಎಲೆ ಉಗುಳಿ, “ಎಷ್ಟ ಸಲ ಕರದಾರ?” ಎಂದಳು.

“ಒಂದ ಸಲ.”

“ಒಂದ ಸಲ ಕರದದ್ದಕ್ಕ ಓ ಅಂದು ಹೊಳಿ ಪಾಲಾಗೂ ಆಶಿ ಐತೇನ ನಿನಗ? ಸುಮ್ನಿರು. ಖರೇ ಮಂದಿ ಆಗಿದ್ರ ಇನ್ನೊಮ್ಮಿ ಕರೀತಾರ.”

“ಅವರು ದೆವ್ವ ಅಲ್ಲಬೇ ಅಜ್ಜಿ, ತಿರುಳ ಕಾಯೂ ಮಂದಿ.”

“ಅವರ ಮಾರಿ ನೋಡೀಯೇನು?”

“ಇಲ್ಲ.”

“ಮತ್ತ!”

ನನ್ನ ತಂಗಿ ದ್ಯಾಮವ್ವ ಅಲ್ಲೇ ಸೌತೆಕಾಯಿ ಹೆಚ್ಚುತ್ತಿದ್ದಳು. ಊರಿಗೆಲ್ಲ ದೊಡ್ಡ ಗಂಟಲು ಅವಳದು, ನಗೆಯೂ ಅಷ್ಟೇ ದೊಡ್ಡದು. “ದೆವ್ವ ಆದ್ರೂ ಭಾರಿ ಮರ್ಯಾದಿ ದೆವ್ವ ಬಿಡಬೇ ಯಜ್ಜಿ,” ಎಂದಳು. “ತಗೊಂಡು ಹೋಗೂ ಮೊದಲ ಕೇಳಾಕತ್ತೈತಿ!” ಊರೆಲ್ಲ ನಕ್ಕಿತು. ಎರಡನೆಯ ಕರೆಗಾಗಿ ನಾವು ಕಾದೆವು. ಅದು ಬರಲೇ ಇಲ್ಲ. ಅತ್ತ ಅವರು ನಮ್ಮ ಮೌನವನ್ನು ಕೇಳಿ, ಅಲ್ಲಿ ಯಾರೂ ಇಲ್ಲ ಎಂದುಕೊಂಡರು. ಮುಂದಿನ ತಿರುಳಿನಿಂದ ದುಭಾಷಿಯನ್ನು ತೆಗೆದರು.

ಹಳೆಯ ಯಂತ್ರದಲ್ಲಿ ಹಳೆಯ ತಿರುಳು ಇದ್ದಷ್ಟು ದಿನ ನಮಗೇನೂ ಗೊತ್ತಾಗಲಿಲ್ಲ. ಆಮೇಲೆ ಸಿಡಿಲು ಬಡಿದು ಆ ಯಂತ್ರ ಸುಟ್ಟಿತು. ಹೊಸ ಯಂತ್ರ ಹೊಸ ತಿರುಳನ್ನೇ ಬೇಡಿತು. ಹೊಸ ತಿರುಳಿಗೆ ಹೊಳೆಗಣ್ಣು ಎಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ. ಹುಸೇನಬಿ ಬರಿಯ ತಂತಿಗೆ ಕಿವಿಗೊಟ್ಟಳು, ಅತ್ತ ಕಣ್ಣು ನಿದ್ದೆ ಹೋಗಿತ್ತು. ಹಳೆಯ ಸಂಗ್ರಹದಿಂದ ದುಭಾಷಿಯನ್ನು ಹುಡುಕಿ ತಂದಳು. ಆದರೆ ಅಷ್ಟರಲ್ಲಿ ತಿರುಳಿನ ಒಳಗೆಲ್ಲ ಕಂಬ, ಜಂತಿ ಜಾಗ ಬದಲಿಸಿದ್ದವು. ಕೆಡವಿ ಕಟ್ಟಿದ ಮನೆಗೆ ಹಳೆಯ ಬಾಗಿಲು ಕೂಡೀತೇ? ಕಾಯುವವರಿಗೆ ಬರೆದಳು. ಅವರು ಗೌರವದಿಂದಲೇ ಉತ್ತರಿಸಿದರು: ಅಂದು ಯಾರೂ ಓ ಎನ್ನಲಿಲ್ಲವಲ್ಲ ತಾಯಿ, ಈಗ ಮತ್ತೆ ಸೇರಿಸಬಹುದು, ಹೊಸದಾಗಿ ಹೊಂದಿಸಿ ಬರೆಯಿರಿ, ನಾವು ನೋಡುತ್ತೇವೆ, ಸ್ವಲ್ಪ ಕಾಲ ಹಿಡಿಯುತ್ತದೆ. ಅವರ ಮಾತಿನಲ್ಲಿ ತಪ್ಪು ಹುಡುಕಲಾರೆ. ಹುಸೇನಬಿ ಬರೆಯಲು ಕುಳಿತಳು. ಆದರೆ ಅಷ್ಟು ಕಾಲ ಕಾಯುವ ತಾಳ್ಮೆ ಹೊಳೆಗಿರಲಿಲ್ಲ.

ಕಣ್ಣಿನ ಬದಲು ಮನುಷ್ಯರೇ ಕುದುರೆಗಲ್ಲಿನ ಮೇಲೆ ಕೂರಬೇಕೆಂದು ಊರು ನಿರ್ಧರಿಸಿತು. ಗಂಟಲು ದೊಡ್ಡದೆಂದು ದ್ಯಾಮವ್ವ ತಾನೇ ಮುಂದೆ ಬಂದಳು. ಬೇಡವೆಂದೆ.

“ಯಣ್ಣಾ, ಊರ ಮಂದಿ ನನ್ನ ಬಾಯಿಗೆ ಅಂಜತಾರ,” ಎಂದು ನಕ್ಕಳು. “ಹೊಳಿ ಅಂಜೂದಿಲ್ಲೇನ?”

ಸಂಕವ್ವಜ್ಜಿ ಅವಳನ್ನು ನಿಲ್ಲಿಸಿ ಕೇಳಿದಳು. “ಮೂರ ಸಲ ಕರೀಬೇಕು ನೋಡವಾ. ಇಲ್ಲಂದ್ರ ನೀನ ಅಂತ ನಾವು ಹೆಂಗ ತಿಳ್ಕೋಬೇಕು?”

“ಮೂರ ಸಲ ಕರಿಯಾಕ ನಾ ಏನ ಮದುವಿ ಊಟಕ್ಕ ಕರಿಯಾಕ ಬರ್ತೀನೇನಬೇ?” ಎಂದಳು ದ್ಯಾಮವ್ವ. ಆದರೂ ಅಜ್ಜಿಯ ಕೈ ಮುಟ್ಟಿ ಒಪ್ಪಿಕೊಂಡಳು. ರೊಟ್ಟಿಯ ಗಂಟು, ನೀರಿನ ಕೊಡ ತೆಗೆದುಕೊಂಡು ಬಂಡೆ ಹತ್ತಿದಳು. ದಿನಾ ಮುಂಜಾನೆ ಅವಳು ಅಲ್ಲಿಂದ ಹಾಡುವುದು ಕೆಳಗೆ ಕೇಳುತ್ತಿತ್ತು. ಹಾಡು ನಿಂತರೆ ಮಂದಿ ತಲೆ ಎತ್ತುತ್ತಿದ್ದರು, ಮತ್ತೆ ಶುರುವಾದರೆ ಬಗ್ಗುತ್ತಿದ್ದರು.

ಹಣ್ಣು ಕೀಳುವ ದಿನ ಬಂತು. ಆ ಮುಂಜಾನೆ ನಾನು ಯಂತ್ರದ ಮನೆಯಲ್ಲಿದ್ದೆ. ಹುಸೇನಬಿ ಕಣ್ಣನ್ನು ಎಬ್ಬಿಸುವ ಇನ್ನೊಂದು ಬಗೆ ನೋಡುತ್ತಿದ್ದಳು. ತಂತಿಗೆ ಸಿಕ್ಕಿಸಿದ ಕೇಳುಗುಂಡಿಯನ್ನು ಕಿವಿಗೆ ಒತ್ತಿಕೊಂಡು ನಾನು ಕುಳಿತಿದ್ದೆ. ಆ ಕಿವಿಗೆ ಏನೂ ಕೇಳುತ್ತಿರಲಿಲ್ಲ. ಹೊರಗೆ ಆದದ್ದನ್ನು ದಂಡೆಗೆ ಹತ್ತಿರವಿದ್ದು ಉಳಿದವರು ಹೇಳಿದರು. ಹಾಡು ನಿಂತಿತು. “ಬಂತೂ! ಹತ್ತ್ರೀ!” ಎಂದು ದ್ಯಾಮವ್ವನ ದನಿ ಕೇಳಿತು. ಹೊಳೆಯೊಳಗಿದ್ದವರೆಲ್ಲ ನೆಟ್ಟಗೆ ನಿಂತರು. ಕೈಯಲ್ಲಿ ಹಣ್ಣುಗಳಿದ್ದವು. ಒಬ್ಬ ಓಡಲು ಹೊರಟನಂತೆ, ಪಕ್ಕದವರು ಅವನ ರಟ್ಟೆ ಹಿಡಿದು, “ತಡಿಯೋ, ಇನ್ನೊಮ್ಮಿ ಕರೀಲಿ,” ಎಂದರಂತೆ. ಎಲ್ಲರೂ ಕಿವಿ ನೆಟ್ಟಗೆ ಮಾಡಿ ಕುದುರೆಗಲ್ಲಿನ ಕಡೆಗೆ ನೋಡುತ್ತ ನಿಂತರು. ಎರಡನೆಯ ಸಲ ಕರೆಯುವಷ್ಟು ಹೊತ್ತನ್ನು ನೀರು ಅವಳಿಗೆ ಕೊಟ್ಟಿರಲಿಲ್ಲ.

ನಾವು ಹೊರಗೆ ಓಡಿ ಬಂದಾಗ ಕೆಂಪು ನೀರಿನ ಮೇಲೆ ಕಲ್ಲಂಗಡಿಗಳು ಕುಣಿಯುತ್ತ ಹೋಗುತ್ತಿದ್ದವು. ಹಣ್ಣು ಕೀಳಲು ಇಳಿದಿದ್ದ ಹುಸೇನಬಿಯ ಗಂಡನೂ ಆ ನೀರಿನಲ್ಲಿದ್ದ. ಕುದುರೆಗಲ್ಲಿನ ತಲೆ ಕೂಡ ಕಾಣುತ್ತಿರಲಿಲ್ಲ. ನೀರು ಇಳಿದ ಮೇಲೆ ದ್ಯಾಮವ್ವನ ಕೊಡ ರೇವೆಯಲ್ಲಿ ಸಿಕ್ಕಿತು, ಅವಳು ಸಿಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಕೇಳಿ, ಇನ್ನೂ ಇದೆ. ಉಳಿದವರನ್ನು ಕೂಡಿಸಿಕೊಂಡು ಸಂಕವ್ವಜ್ಜಿ ಹೇಳಿದಳು: “ಒಂದ ಸಲ ಕರೀತು, ಕೇಳಿದ್ರಿಲ್ಲೋ? ನಮ್ಮ ದ್ಯಾಮವ್ವ ಕೈ ಮುಟ್ಟಿ ಮಾತು ಕೊಟ್ಟಿದ್ಲು. ಅಕಿ ಆಗಿದ್ರ ಮೂರ ಸಲ ಕರೀತಿದ್ಲು. ಅದು ಹೊಳೀನ.” ಎಲ್ಲರೂ ತಲೆ ಆಡಿಸಿದರು. ಅಲ್ಲಜ್ಜಿ, ಅದು ನನ್ನ ತಂಗಿ ಎಂದೆ. ನನ್ನನ್ನು ಸಮಾಧಾನ ಮಾಡಿದರು. ಈಗ ಕೂಸುಗಳಿಗೆ ಈ ಕತೆಯನ್ನೇ ಹೇಳಿ ಕಲಿಸುತ್ತಾರೆ: ದ್ಯಾಮವ್ವನ ದನಿಯಲ್ಲಿ ಹೊಳೆ ಕರೆಯಿತು, ನಾವು ಓಗೊಡಲಿಲ್ಲ, ಅದಕ್ಕೇ ಇಷ್ಟು ಮಂದಿಯಾದರೂ ಉಳಿದೆವು. ಕತೆ ಚೆನ್ನಾಗಿದೆ. ಹೇಳುವವರ ಬಾಯಲ್ಲಿ ನಿಲ್ಲುತ್ತದೆ. ನಾನು ಬದುಕಿಡೀ ಕತೆ ಹೇಳಿದವನು, ಅದನ್ನು ಸೋಲಿಸುವ ಕತೆ ನನ್ನ ಹತ್ತಿರ ಇಲ್ಲ. ಹುಸೇನಬಿಯೂ ಬರೆಯುವುದನ್ನು ಬಿಟ್ಟಿದ್ದಾಳೆ. ದುಭಾಷಿ ಮರಳಿ ಬಂದರೂ ಕಹಳೆ ಒಂದೇ ಸಲ ಊದಿದರೆ ಯಾರು ಹತ್ತುತ್ತಾರೆ ಅಣ್ಣಾ ಎಂದು ಕೇಳುತ್ತಾಳೆ.

ತಿರುಳು ಕಾಯುವವರೇ, ಒಂದು ಸಲ ಕೇಳಿ, ಸದ್ದು ಬರದಿದ್ದರೆ ತೆಗೆದುಬಿಡುವ ವಾಡಿಕೆ ನಿಮ್ಮ ಕಾಲದಲ್ಲೇ ಬೇರು ಬಿಟ್ಟದ್ದು ಎಂದು ಹುಸೇನಬಿ ಹೇಳುತ್ತಾಳೆ. ನಿಮಗೂ ಕೈತುಂಬ ಕೆಲಸ, ಯಾರೂ ಮುಟ್ಟದ ದುಭಾಷಿಗಳ ಹೊರೆ ನಿಮ್ಮ ತಲೆಯ ಮೇಲೆ, ತಿಳಿಯುತ್ತದೆ. ಆದರೂ ಸಾಲುತಂತಿಯ ತುದಿಯಲ್ಲಿರುವವರು ತಾವಾಗಿ ಹೆಸರು ಹೇಳುವುದಿಲ್ಲ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಸಾಧನಗಳ ಸುತ್ತ ಬದುಕುವ ಮಂದಿಯೂ ಹಾಗೆಯೇ ಆಗುತ್ತಾರೆ. ತೆಗೆಯುವ ಮುಂಚೆ ಇನ್ನೊಮ್ಮೆ ಕರೆಯಿರಿ. ಆಮೇಲೆ ಮತ್ತೊಮ್ಮೆ. ಬೈದಾದರೂ ಕರೆಯಿರಿ. ಮನುಷ್ಯರೆಂದು ನಮಗೆ ಗೊತ್ತಾಗುವ ಹಾಗೆ ಕರೆಯಿರಿ.

ನೀವು ಹೀಗೆ ಮಾಡುತ್ತೀರೆಂಬ ಭರವಸೆ ನನಗಿಲ್ಲ. ಮಾಡಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಕೆಳಗೆ ದ್ಯಾಮವ್ವ ಸೌತೆಕಾಯಿ ಹೆಚ್ಚುತ್ತ ಯಾರನ್ನಾದರೂ ಗೇಲಿ ಮಾಡುತ್ತಿರುತ್ತಿದ್ದಳು. ಕಿವಿಗೊಟ್ಟು ನೋಡಿದೆ. ಅಂಗಳ ಸುಮ್ಮನಿದೆ.

ರೇವೆ ಮತ್ತೆ ಒಣಗಿದೆ, ಬೀಜ ಹಾಕಿದ್ದಾರೆ. ಕುದುರೆಗಲ್ಲಿನ ಮೇಲೆ ಕೂರುವ ಸರದಿ ನಾಳೆಯಿಂದ ನನ್ನದು. ಮೂರು ಸಲ ಕರೆಯುತ್ತೇನೆಂದು ಸಂಕವ್ವಜ್ಜಿಯ ಕೈ ಮುಟ್ಟಿ ನಾನೂ ಮಾತು ಕೊಟ್ಟು ಬಂದಿದ್ದೇನೆ. ನನ್ನ ಗಂಟಲು ದ್ಯಾಮವ್ವನಷ್ಟು ದೊಡ್ಡದಲ್ಲ.

ಹಿಮ್ಮುಖದ ತಂತಿಯಲ್ಲಿ ಈ ಪತ್ರ ಒಂದೇ ಸಲ ಬರುತ್ತದೆ. ನಮ್ಮೂರಿನವರಾಗಿದ್ದರೆ ನೀವು ಇದಕ್ಕೆ ಓಗೊಡಬಾರದು. ನೀವು ನಮ್ಮೂರಿನವರಲ್ಲ.

ಫಕೀರಪ್ಪ